ಲೆಟರ್‌ಮನ್ ನಕ್ಕು ಮುಗಿಸಿದ, ನಾವೂ ನಗಬೇಕಾ?

ವಾಟ್ಸಾಪಿನಲ್ಲಿ ಈ ವಿಡಿಯೋ ನಿಮಗೂ ಬಂದೇ ಬಂದಿರುತ್ತದೆ. ಐಶ್ವರ್ಯಾ ರೈ ಒಬ್ಬ ಅಮೆರಿಕನ್ ಎದುರು ಕೂತಿದ್ದಾರೆ. ಮುಂದಿನ ಹಲ್ಲುಗಳ ನಡುವೆ ಸಂದಿ ಇರುವ ಆ ಮನುಷ್ಯ, ನೀವಿನ್ನೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದೀರಂತೆ, ನಿಮ್ಮ ದೇಶದಲ್ಲಿ ಇದು ಮಾಮೂಲಾ ಎಂದು ಕೇಳುತ್ತಾನೆ. ಹೌದು, ನಮ್ಮಲ್ಲಿ ಇದು ಸಹಜ, ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂರಲು ನಾವು ಮೊದಲೇ ಟೈಮ್ ತಗೋಬೇಕಾಗಿಲ್ಲ ಎನ್ನುವ ಅರ್ಥದಲ್ಲಿ ಆಕೆ ಉತ್ತರ ಕೊಡುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಇದು 2005ರ ಮಾತು. ಇಷ್ಟು ವರ್ಷವಾದರೂ ಆ ತುಣುಕು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇದೆ. ಮಂಗಳೂರಿನಲ್ಲಿ ಹುಟ್ಟಿದ ಹೆಣ್ಣುಮಗಳು ಅಮೆರಿಕದವನ ಬಾಯಿ ಮುಚ್ಚಿಸಿದಳು ಅಂತ ನಮಗೂ ಒಂದು ಖುಷಿ.

ಕಳೆದ ತಿಂಗಳು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ಹುಡುಗ ಅದೇ ವಿಡಿಯೋ ತೋರಿಸಿ ಕೇಳಿದ. "ಅಣ್ಣಾ, ಈತ ಯಾರ್ರೀ? ಇಂವಾ ಯಾಕ ಎಲ್ಲಾರ ಮನೀ ವಿಚಾರ ಕೇಳ್ತಾನ?"

ಪ್ರಶ್ನೆ ಚೆನ್ನಾಗಿತ್ತು. ಈ ಮನುಷ್ಯನ ಹೆಸರು ಡೇವಿಡ್ ಲೆಟರ್‌ಮನ್. ಎಲ್ಲರ ಮನೆ ವಿಚಾರ ಕೇಳುವುದೇ ಆತನ ಕೆಲಸವಾಗಿತ್ತು. ಆತನ ಮನೆ ವಿಚಾರ ಬೀದಿಗೆ ಬಂದಾಗ ಏನಾಯಿತು ಅನ್ನುವುದನ್ನು ಇವತ್ತು ಬರೆಯುತ್ತಿದ್ದೇವೆ. ಬೇರೆ ದೇಶದ ಟಿವಿಯವನ ಹಳೇ ಕತೆ ನಮಗ್ಯಾಕೆ ಅನ್ನಬೇಡಿ. ಇದರಲ್ಲಿ ನಮ್ಮದೇ ಒಂದು ಬಾಕಿ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಅಮೆರಿಕದಲ್ಲಿ ರಾತ್ರಿ ಹನ್ನೊಂದೂವರೆಯ ನಂತರ ಟಿವಿಯಲ್ಲಿ ಒಂದು ಥರದ ಕಾರ್ಯಕ್ರಮ ಬರುತ್ತದೆ. ಒಂದು ಮೇಜು, ಪಕ್ಕದಲ್ಲಿ ಅತಿಥಿಗೊಂದು ಕುರ್ಚಿ, ಒಂದು ವಾದ್ಯವೃಂದ. ನಡೆಸಿಕೊಡುವವನು ಮೊದಲು ನಿಂತುಕೊಂಡು ದಿನದ ಸುದ್ದಿಯ ಮೇಲೆ ಹತ್ತಾರು ನಗೆಚಾಟಿಕೆ ಹಾರಿಸುತ್ತಾನೆ. ಅಧ್ಯಕ್ಷನಿಂದ ಹಿಡಿದು ಸಿನಿಮಾದವರ ತನಕ ಯಾರನ್ನೂ ಬಿಡುವುದಿಲ್ಲ. ಆಮೇಲೆ ಕೂತು ಹರಟೆ. ನಮ್ಮ ಊರಿನ ಅರಳಿಕಟ್ಟೆಯಲ್ಲಿ ಊಟ ಮುಗಿದ ಮೇಲೆ ನಡೆಯುವುದೂ ಇದೇ. ಆದರೆ ಅಲ್ಲಿ ಆ ಹರಟೆಗೆ ಕೋಟಿಗಟ್ಟಲೆ ಸಂಬಳ, ಹರಟೆಯ ಮಾತನ್ನು ಮೊದಲೇ ಬರೆದುಕೊಡಲು ಹತ್ತಾರು ಬರಹಗಾರರು.

ಲೆಟರ್‌ಮನ್ ಹುಟ್ಟಿದ್ದು 1947ರಲ್ಲಿ, ಇಂಡಿಯಾನಾಪೊಲಿಸ್ ಎಂಬ ಊರಲ್ಲಿ. ಅಪ್ಪನದು ಹೂವಿನ ಅಂಗಡಿ. ಕಾಲೇಜು ಮುಗಿಸಿ ಊರಿನ ಟಿವಿಯಲ್ಲಿ ಹವಾಮಾನ ವರದಿ ಓದುತ್ತಿದ್ದ. ಒಂದು ಬಿರುಗಾಳಿ ಬಲವಾಗಿ ಚಂಡಮಾರುತ ಆಯಿತು ಅಂತ ಸುದ್ದಿ ಬಂದಾಗ, ಬಡ್ತಿ ಸಿಕ್ಕಿದ್ದಕ್ಕೆ ಅಭಿನಂದನೆ ಅಂತ ಅದಕ್ಕೆ ಹೇಳಿದವನು. ಈ ಮಾತಿಗೆ ನಮಗೂ ನಗು ಬಂತು, ಸುಳ್ಳು ಯಾಕೆ ಹೇಳಬೇಕು. ಪ್ರತಿಭೆ ಇದ್ದದ್ದು ನಿಜ. 1975ರಲ್ಲಿ ಲಾಸ್ ಏಂಜಲಿಸ್‌ಗೆ ಹೋದ, ನಗೆ ಕ್ಲಬ್ಬಿನಲ್ಲಿ ಮೈಕ್ ಹಿಡಿದ. 1980ರಲ್ಲಿ ಎನ್‌ಬಿಸಿ ಚಾನೆಲ್ ಬೆಳಗಿನ ಕಾರ್ಯಕ್ರಮ ಕೊಟ್ಟು, ನಾಲ್ಕೇ ತಿಂಗಳಿಗೆ ನಿಲ್ಲಿಸಿತು. 1982ರ ಫೆಬ್ರವರಿ 1ರಂದು ನಡುರಾತ್ರಿಯ ಕಾರ್ಯಕ್ರಮ ಶುರುವಾಯಿತು. ಅಲ್ಲಿಂದ 2015ರ ಮೇ 20ರ ತನಕ, 33 ವರ್ಷ, ಮೊದಲು ಎನ್‌ಬಿಸಿಯಲ್ಲಿ, 1993ರಿಂದ ಸಿಬಿಎಸ್‌ನಲ್ಲಿ, ಮೇಜು ಬಿಟ್ಟು ಏಳಲಿಲ್ಲ.

ಇಲ್ಲಿ ಒಂದು ಹೆಸರು ಹೇಳಲೇಬೇಕು, ಯಾಕಂದರೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೆರಿಲ್ ಮಾರ್ಕೋ. ಆ ಕಾರ್ಯಕ್ರಮದ ಮೊದಲ ಮುಖ್ಯ ಬರಹಗಾರ್ತಿ. ಜನ ತಮ್ಮ ನಾಯಿ ಬೆಕ್ಕು ತಂದು ಅವುಗಳ ಕಸರತ್ತು ತೋರಿಸುವ ಭಾಗ ಇತ್ತಲ್ಲ, ಲೆಟರ್‌ಮನ್‌ಗೆ ಹೆಸರು ತಂದದ್ದು, ಅದು ಆಕೆಯ ತಲೆಯಿಂದ ಬಂದದ್ದು. ಆಗ ಆಕೆ ಲೆಟರ್‌ಮನ್‌ನ ಸಂಗಾತಿಯೂ ಆಗಿದ್ದರು. 1980ರ ದಶಕ ಮುಗಿಯುವ ಮೊದಲೇ ಇಬ್ಬರೂ ಬೇರೆಯಾದರು. ಕಾರ್ಯಕ್ರಮದ ಅಡಿಪಾಯ ಹಾಕಿದವರಲ್ಲಿ ಒಬ್ಬರು ಹೊರಗೆ ಉಳಿದರು, ಮೇಜು ಯಾರದಿತ್ತೋ ಅವರದೇ ಆಗಿ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ 2009ಕ್ಕೆ ಬರೋಣ.

ಆ ವರ್ಷ ಜೂನ್‌ನಲ್ಲಿ ಲೆಟರ್‌ಮನ್ ಒಂದು ಚಾಟಿಕೆ ಹಾರಿಸಿದ. ಅಲಾಸ್ಕಾದ ರಾಜ್ಯಪಾಲೆ ಸಾರಾ ಪೇಲಿನ್ ನ್ಯೂಯಾರ್ಕ್‌ಗೆ ಬೇಸ್‌ಬಾಲ್ ಪಂದ್ಯ ನೋಡಲು ಬಂದಿದ್ದರು. ಪಂದ್ಯದ ನಡುವೆ ಅವರ ಮಗಳನ್ನು ಒಬ್ಬ ಆಟಗಾರ ಬಸುರಿ ಮಾಡಿದ ಎನ್ನುವುದು ಚಾಟಿಕೆ. ಮದುವೆಗೆ ಮೊದಲೇ ತಾಯಿಯಾಗಿದ್ದ ದೊಡ್ಡ ಮಗಳ ಬಗ್ಗೆ ಹೇಳಿದ್ದು ಅಂತ ಆಮೇಲೆ ಸಮಜಾಯಿಷಿ ಕೊಟ್ಟ. ಆದರೆ ಅವತ್ತು ತಾಯಿಯ ಜೊತೆ ಪಂದ್ಯಕ್ಕೆ ಬಂದಿದ್ದವಳು 14 ವರ್ಷದ ಕಿರಿಯ ಮಗಳು. ಗಲಾಟೆ ಜೋರಾದ ಮೇಲೆ ಕ್ಷಮೆ ಕೇಳಿದ. ಸರಿ, ದೊಡ್ಡ ಮಗಳ ಬಗ್ಗೆಯೇ ಅಂದುಕೊಳ್ಳೋಣ. ಆಕೆಗೂ ಆಗ 18. ಆ ಹುಡುಗಿ ಯಾವ ಚುನಾವಣೆಗೆ ನಿಂತಿದ್ದಳು? ಯಾವ ಕುರ್ಚಿಯ ಮೇಲಿದ್ದಳು? ಅವಳ ಬಸಿರು ಇಡೀ ದೇಶ ಊಟವಾದ ಮೇಲೆ ನಗುವ ವಸ್ತು ಹೇಗಾಯಿತು?

ಮೂರು ತಿಂಗಳಿಗೆ ಚಕ್ರ ತಿರುಗಿತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಬೆಳಗಿನ ಜಾವ ಲೆಟರ್‌ಮನ್ ಕಾರಿನೊಳಗೆ ಒಂದು ಪೊಟ್ಟಣ ಸಿಕ್ಕಿತು. ನಿನ್ನ ಬಗ್ಗೆ ನನಗೆ ಗೊತ್ತು, ಸಿನಿಮಾ ಕತೆ ಬರೆದಿದ್ದೇನೆ, 20 ಲಕ್ಷ ಡಾಲರ್ ಕೊಟ್ಟರೆ ಹೊರಗೆ ಬರುವುದಿಲ್ಲ ಎನ್ನುವ ಥರದ ಬೇಡಿಕೆ. ಆಗಿನ ಲೆಕ್ಕಕ್ಕೆ 9 ಕೋಟಿ ರೂಪಾಯಿಗೂ ಮೇಲೆ. ಬೆದರಿಸಿದವನು ರಾಬರ್ಟ್ ಹಾಲ್ಡರ್‌ಮನ್, ಅದೇ ಸಿಬಿಎಸ್‌ನಲ್ಲಿ ಅಪರಾಧ ಸುದ್ದಿಯ ಕಾರ್ಯಕ್ರಮ ಮಾಡುತ್ತಿದ್ದ ನಿರ್ಮಾಪಕ. ಅಂದರೆ ನಮ್ಮ ಕಸುಬಿನವನೇ! ಲೆಟರ್‌ಮನ್ ಸರ್ಕಾರಿ ವಕೀಲರ ಬಳಿ ಹೋದ. ನಕಲಿ ಚೆಕ್ ಕೊಟ್ಟು ಹಾಲ್ಡರ್‌ಮನ್‌ನನ್ನು ಹಿಡಿದರು. 2010ರ ಮಾರ್ಚ್‌ನಲ್ಲಿ ಆತ ತಪ್ಪೊಪ್ಪಿಕೊಂಡ, 6 ತಿಂಗಳು ಜೈಲು, 1000 ಗಂಟೆ ಸಮಾಜ ಸೇವೆ.

ಇದರಲ್ಲಿ ನಮಗೆ ತಕರಾರಿಲ್ಲ. ಗುಟ್ಟು ಹಿಡಿದು ದುಡ್ಡು ಕೀಳುವವನು ಪತ್ರಕರ್ತನಲ್ಲ, ಕಳ್ಳ. ನಮ್ಮ ಜಿಲ್ಲೆಯಲ್ಲೂ ಅಂಥವರು ಕುತ್ತಿಗೆಗೆ ಪ್ರೆಸ್ ಕಾರ್ಡ್ ಹಾಕಿಕೊಂಡು ಓಡಾಡುತ್ತಾರೆ, ಗ್ರಾಮ ಪಂಚಾಯಿತಿಯವರಿಗೆ ಕೇಳಿದರೆ ಗೊತ್ತಾಗುತ್ತದೆ.

ತಕರಾರು ಇರುವುದು 2009ರ ಅಕ್ಟೋಬರ್ 1ರ ರಾತ್ರಿಯ ಬಗ್ಗೆ. ಅವತ್ತು ಲೆಟರ್‌ಮನ್ ತನ್ನದೇ ಕಾರ್ಯಕ್ರಮದಲ್ಲಿ, ತನ್ನದೇ ಮೇಜಿನ ಹಿಂದೆ ಕೂತು ಈ ಕತೆಯನ್ನು ತಾನೇ ಹೇಳಿದ. ಕಾರು, ಪೊಟ್ಟಣ, ಚೆಕ್ಕು, ಒಂದೊಂದೇ ಬಿಚ್ಚಿದ. ಜನ ಇದೂ ಒಂದು ಚಾಟಿಕೆ ಅಂತ ನಗುತ್ತಿದ್ದರು. ಕೊನೆಗೆ, ಹೌದು, ನನ್ನ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಜೊತೆ ನಾನು ಸಂಬಂಧ ಇಟ್ಟುಕೊಂಡಿದ್ದೆ ಎಂದು ಒಪ್ಪಿಕೊಂಡ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಕೆಲವು ದಿನ ಬಿಟ್ಟು ಹೆಂಡತಿಯಲ್ಲೂ ಸಿಬ್ಬಂದಿಯಲ್ಲೂ ಕ್ಷಮೆ ಕೇಳಿದ. ಅದೇ ವರ್ಷ ಮಾರ್ಚ್‌ನಲ್ಲಿ ಮದುವೆಯಾಗಿತ್ತು, ಅದಕ್ಕೂ ಮೊದಲೇ ಹುಟ್ಟಿದ ಒಬ್ಬ ಮಗನಿದ್ದ.

ಎಂಥಾ ಧೈರ್ಯ, ಎಂಥಾ ಪ್ರಾಮಾಣಿಕತೆ ಅಂತ ಹೊಗಳಿದವರಿಗೆ ಕಡಿಮೆಯಿಲ್ಲ. ಜರ್ನಲಿಸಂ ಡಿಪ್ಲೊಮಾ ಓದುವಾಗ ನಮಗೂ ಒಬ್ಬ ಮೇಷ್ಟ್ರು ಇದನ್ನೇ ಉದಾಹರಣೆ ಕೊಟ್ಟಿದ್ದರು. ಸುದ್ದಿ ಒಡೆಯುವ ಮೊದಲು ನೀವೇ ಒಡೆದುಬಿಡಿ, ಅರ್ಧ ಗೆದ್ದಂತೆ, ಅಂತ. ನಾವು ನೋಟ್ಸ್ ಬರೆದುಕೊಂಡಿದ್ದೆವು.

ಆ ನೋಟ್ಸ್ ಈಗ ಹರಿದು ಹಾಕುವ ಕಾಲ. ಯಾರು ಗೆದ್ದದ್ದು? ಯಾರ ಮೇಲೆ ಗೆದ್ದದ್ದು? ಆ ರಾತ್ರಿ ಲೆಟರ್‌ಮನ್ ಕೈಯಲ್ಲಿ ಮೈಕ್ ಇತ್ತು, ಥಿಯೇಟರ್ ಇತ್ತು, ವಾದ್ಯವೃಂದ ಇತ್ತು, ತನ್ನನ್ನು ಇಷ್ಟಪಟ್ಟೇ ಬಂದ ಪ್ರೇಕ್ಷಕರಿದ್ದರು. ಆತ ಯಾರ ಬಗ್ಗೆ ಮಾತಾಡುತ್ತಿದ್ದನೋ ಆ ಹೆಣ್ಣುಮಕ್ಕಳ ಕೈಯಲ್ಲಿ ಏನಿತ್ತು? ತಮ್ಮ ಹೆಸರು ನಾಳೆ ಪತ್ರಿಕೆಯಲ್ಲಿ ಬಂದೀತು ಎಂಬ ಹೆದರಿಕೆ. ಬಂದೇ ಬಂತು. ಅವರಲ್ಲಿ ಒಬ್ಬರ ಹೆಸರು, ಫೋಟೋ, ಆಕೆಯ ಡೈರಿಯ ವಿಚಾರ, ಆಕೆ ಯಾರ ಜೊತೆ ವಾಸವಿದ್ದರು, ಎಲ್ಲವೂ ದಿನಗಟ್ಟಲೆ ಪತ್ರಿಕೆಗಳಲ್ಲಿ ಓಡಿತು. ನೀವು ಹುಡುಕಿದರೆ ಈಗಲೂ ಸಿಗುತ್ತದೆ. ನಾವು ಇಲ್ಲಿ ಬರೆಯುವುದಿಲ್ಲ. ಲೆಟರ್‌ಮನ್ ಮತ್ತೆ ಸೋಮವಾರ ಕೆಲಸಕ್ಕೆ ಬಂದ.

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. ಅವರೆಲ್ಲ ವಯಸ್ಸಿಗೆ ಬಂದವರು, ಯಾರೂ ಬಲವಂತ ಮಾಡಿಲ್ಲ, ಯಾರೂ ದೂರು ಕೊಟ್ಟಿಲ್ಲ, ಅದು ಆತನ ಖಾಸಗಿ ಬದುಕು, ನಿಮಗೇನು? ನಮ್ಮ ಊರ ಕಡೆ ಹೇಳುವ ಹಾಗೆ, ಅವರವರ ಮನೆಯ ಒಲೆ ಅವರವರಿಗೆ.

ಮಲಗುವ ಕೋಣೆಗೆ ಇಣುಕುವ ಹಕ್ಕು ಯಾವ ಪತ್ರಕರ್ತನಿಗೂ ಇಲ್ಲ, ಇದನ್ನು ನಾವು ಒಪ್ಪುತ್ತೇವೆ. ಲೆಟರ್‌ಮನ್ ತನ್ನ ಹೆಂಡತಿಗೆ ಮಾಡಿದ್ದು ಆಕೆಗೂ ಆತನಿಗೂ ಬಿಟ್ಟದ್ದು. 2000ದ ಜನವರಿಯಲ್ಲಿ ಆತನ ಹೃದಯಕ್ಕೆ ಐದು ಕಡೆ ಬೈಪಾಸ್ ಆಯಿತು, ಆಮೇಲೆ ತನ್ನನ್ನು ಬದುಕಿಸಿದ ಡಾಕ್ಟರ್, ನರ್ಸುಗಳನ್ನು ವೇದಿಕೆಗೆ ಕರೆದು ಕಣ್ಣೀರು ಹಾಕಿದ. ಅದು ಖಾಸಗಿ, ತಾನಾಗಿ ಹಂಚಿಕೊಂಡ, ಚೆನ್ನಾಗಿತ್ತು. ಆದರೆ ಕೆಲಸದ ಜಾಗ ಖಾಸಗಿ ಹೇಗಾಗುತ್ತದೆ? ಒಬ್ಬಳ ಸಂಬಳ ಎಷ್ಟು, ನಾಳೆ ಕ್ಯಾಮೆರಾ ಮುಂದೆ ಬರುವವಳು ಯಾರು, ಮುಂದಿನ ವರ್ಷ ಕೆಲಸದಲ್ಲಿ ಇರುವವಳು ಯಾರು ಎಂದು ತೀರ್ಮಾನಿಸುವ ಕೈಯೇ ಆಕೆಯ ಹೆಗಲ ಮೇಲೆ ಬಿದ್ದರೆ, ಆಕೆಯ "ಹೂಂ" ಎಷ್ಟು ಹೂಂ? ಪಕ್ಕದ ಮೇಜಿನಲ್ಲಿ ಕೂತು ಇದನ್ನೆಲ್ಲ ನೋಡುವ ಇನ್ನೊಬ್ಬಳಿಗೆ ಏನನ್ನಿಸುತ್ತದೆ?

ಆ ಇನ್ನೊಬ್ಬಳು ಬಾಯಿ ಬಿಟ್ಟರು. ನೆಲ್ ಸ್ಕೋವೆಲ್. ಲೆಟರ್‌ಮನ್ ಕಾರ್ಯಕ್ರಮಕ್ಕೆ ಬರೆಯಬೇಕು ಎಂಬುದು ಅವರ ಕನಸಾಗಿತ್ತು. ಕೆಲಸ ಸಿಕ್ಕಿತು, 1990ರಲ್ಲಿ ತಾವೇ ಬಿಟ್ಟು ಹೊರಟರು. 2009ರಲ್ಲಿ ಈ ಹಗರಣ ಬಂದಾಗ ವ್ಯಾನಿಟಿ ಫೇರ್ ಪತ್ರಿಕೆಯ ಮೂಲಕ ಕಾರಣ ಹೇಳಿದರು. ಲೆಟರ್‌ಮನ್ ತಮ್ಮ ತಂಟೆಗೆ ಬರಲಿಲ್ಲ ಎಂದೂ ಸ್ಪಷ್ಟವಾಗಿ ಬರೆದರು. ಆದರೆ ಮೇಲಿನವರ ಜೊತೆ ಸಲುಗೆ ಇದ್ದವರಿಗೆ ಒಂದು ಮಣೆ, ಉಳಿದವರಿಗೆ ಒಂದು ಮಣೆ ಎನ್ನುವ ವಾತಾವರಣ ಅಲ್ಲಿತ್ತು, ಅಲ್ಲಿ ಹೆಣ್ಣೊಬ್ಬಳು ಬರೀ ಕೆಲಸದಿಂದ ಮೇಲೆ ಬರುವುದು ಸಾಧ್ಯವಿರಲಿಲ್ಲ ಎಂದರು. ಲೆಟರ್‌ಮನ್, ಜೇ ಲೆನೊ, ಕೋನನ್ ಓಬ್ರಿಯನ್, ಈ ಮೂವರ ಕಾರ್ಯಕ್ರಮಗಳ ಬರಹಗಾರರಲ್ಲಿ ಆಗ ಒಬ್ಬ ಹೆಣ್ಣೂ ಇಲ್ಲ ಎಂಬುದನ್ನೂ ಎತ್ತಿ ತೋರಿಸಿದರು. ಅಡಿಪಾಯ ಹಾಕಿದ್ದು ಮೆರಿಲ್ ಮಾರ್ಕೋ ಎಂದು ಆಗಲೇ ಹೇಳಿದೆವಲ್ಲ? ಇಪ್ಪತ್ತೇಳು ವರ್ಷದ ನಂತರ ಆ ಕಾರ್ಯಕ್ರಮದ ಸ್ಥಿತಿ ಇದು.

ಯಾರೂ ದೂರು ಕೊಟ್ಟಿಲ್ಲ ಎಂಬ ಮಾತಿಗೂ ಬರೋಣ. ಹಗರಣ ಹೊರಬಿದ್ದಾಗ ಕಾರ್ಯಕ್ರಮ ತಯಾರಿಸುವ ಕಂಪನಿ ಒಂದು ಹೇಳಿಕೆ ಕೊಟ್ಟಿತು. ಕಿರುಕುಳದ ಬಗ್ಗೆ ನಮ್ಮಲ್ಲಿ ಲಿಖಿತ ನಿಯಮ ಇದೆ, ಲೆಟರ್‌ಮನ್ ಅದನ್ನು ಮೀರಿಲ್ಲ, ಆತನ ಮೇಲೆ ಯಾರೂ ದೂರು ಕೊಟ್ಟಿಲ್ಲ, ಇಷ್ಟು ಅದರ ಸಾರ. ಕಂಪನಿಯ ಹೆಸರು ವರ್ಲ್ಡ್‌ವೈಡ್ ಪ್ಯಾಂಟ್ಸ್. ಅದರ ಮಾಲೀಕ ಯಾರು ಗೊತ್ತಾ? ಡೇವಿಡ್ ಲೆಟರ್‌ಮನ್.

ದೂರಿನ ಪೆಟ್ಟಿಗೆ ಗೌಡರ ಪಡಸಾಲೆಯಲ್ಲೇ ಇಟ್ಟು, ಬೀಗದ ಕೈ ಗೌಡರ ಉಡುದಾರಕ್ಕೇ ಕಟ್ಟಿ, ನೋಡಿ ಒಂದು ಚೀಟಿಯೂ ಬಿದ್ದಿಲ್ಲ ಅಂದ ಹಾಗಾಯಿತು.

ಇನ್ನೂ ಒಂದಿದೆ. ನೆಲ್ ಸ್ಕೋವೆಲ್ 2019ರಲ್ಲಿ ಲೆಟರ್‌ಮನ್‌ನನ್ನು ಎದುರಿಗೆ ಕೂತು ಮಾತಾಡಿಸಿದರು. ನಿಮ್ಮ ಲೇಖನವನ್ನು ನಾನು ಆಗ ಓದಿರಲಿಲ್ಲ, ಈಗಷ್ಟೇ ಓದಿದೆ, ಬೇಸರವಾಯಿತು ಎಂದು ಆತ ಕ್ಷಮೆ ಕೇಳಿದ. ಕ್ಷಮೆ ನಿಜವಾದದ್ದೇ ಇರಬಹುದು, ನಾವು ಅನುಮಾನಿಸುವುದಿಲ್ಲ. ಆದರೆ ಲೆಕ್ಕ ಹಾಕಿ. ತನ್ನ ಆಫೀಸಿನಿಂದ ನೊಂದು ಎದ್ದುಹೋದ ಒಬ್ಬಳು ಬರೆದದ್ದನ್ನು ಓದದೆ 10 ವರ್ಷ ಆರಾಮಾಗಿ ಇರಲು ಆತನಿಗೆ ಸಾಧ್ಯವಾಯಿತು. ಅವಳ ಮಾತು ಓದದಿದ್ದರೂ ಏನೂ ಕೆಡುವುದಿಲ್ಲ ಎನ್ನುವ ಜಾಗದಲ್ಲಿ ಆತ ಕೂತಿದ್ದ. ನಡುವೆ, 2017ರ ಅಕ್ಟೋಬರ್‌ನಲ್ಲಿ, ಹಾರ್ವೆ ವೈನ್‌ಸ್ಟೀನ್ ಸುದ್ದಿ ಒಡೆದು ಅಮೆರಿಕದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಾಯಿ ಬಿಡುತ್ತಿದ್ದ ಅದೇ ತಿಂಗಳು, ಆ ದೇಶದ ಹಾಸ್ಯಗಾರರಿಗೆ ಕೊಡುವ ದೊಡ್ಡ ಗೌರವ ಮಾರ್ಕ್ ಟ್ವೇನ್ ಪ್ರಶಸ್ತಿ ಲೆಟರ್‌ಮನ್‌ಗೆ ಸಿಕ್ಕಿತು. 2018ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಕಾರ್ಯಕ್ರಮ, ಮೊದಲ ಅತಿಥಿ ಒಬಾಮ. 2019ರಲ್ಲಿ ಮುಂಬೈಗೂ ಬಂದು ಶಾರುಖ್ ಖಾನ್ ಮನೆಯ ಊಟ ಮಾಡಿದ್ದು ನೋಡಿದ್ದೇವೆ. ದೊಡ್ಡ ಬಿಳಿ ಗಡ್ಡ ಬಿಟ್ಟು ಈಗ ಸಾಧುವಿನ ಹಾಗೆ ಕಾಣುತ್ತಾನೆ.

ಇಷ್ಟು ಲೆಟರ್‌ಮನ್ ಕತೆ. ಈಗ ನಮ್ಮ ಬಾಕಿ.

ಕೆಲವು ವರ್ಷದ ಹಿಂದೆ ನಾವಿಬ್ಬರು, ಒಬ್ಬ ವರದಿಗೆ, ಒಬ್ಬ ಕ್ಯಾಮೆರಾಕ್ಕೆ, ಒಂದು ಚಾನೆಲ್‌ಗೆ ಜಿಲ್ಲೆಯಿಂದ ಸುದ್ದಿ ಕಳಿಸುತ್ತಿದ್ದೆವು. ಸಂಬಳ ಇಲ್ಲ, ಪ್ರಸಾರವಾದರೆ ಸುದ್ದಿಗಿಷ್ಟು ಅಂತ ದುಡ್ಡು, ಪೆಟ್ರೋಲಿಗೆ ಸರಿಹೋಗುತ್ತಿತ್ತು. ಒಂದು ಹಳ್ಳಿಯ ಹೆಣ್ಣುಮಗಳು ತಾನು ಕೆಲಸ ಮಾಡುತ್ತಿದ್ದ ಕಡೆಯ ಮೇಲಿನವನ ವಿರುದ್ಧ ಕಿರುಕುಳದ ದೂರು ಕೊಟ್ಟಿದ್ದಳು. ಸುದ್ದಿ ಡೆಸ್ಕಿಗೆ ಹೇಳಿದೆವು. ರಾತ್ರಿ ಹತ್ತರ ಮೇಲೆ ಫೋನ್ ಬಂತು. ಮೇಲಿನವನ ಹೆಸರು ಬೇಡ, ಲೀಗಲ್ ಆಗುತ್ತೆ. ಹುಡುಗಿಯ ಮನೆ ಶೂಟ್ ಮಾಡಿ, ಅಕ್ಕಪಕ್ಕದವರನ್ನು ಮಾತಾಡಿಸಿ, ಹುಡುಗಿ ಹೇಗೆ ಅಂತ ಕೇಳಿ.

ನಾವು ಹೋದೆವು. ಬೆಳಿಗ್ಗೆ ಏಳಕ್ಕೆಲ್ಲ ಹೋದೆವು. ಬಾಗಿಲು ಹಾಕಿತ್ತು, ತಾಯಿ ಅಂಗಳ ಗುಡಿಸುತ್ತಿದ್ದರು. ಕ್ಯಾಮೆರಾ ನೋಡಿ ಅವರು, "ಯಪ್ಪಾ, ನಿಮ್ಮ ಕೈ ಮುಗೀತೀನಿ, ಬ್ಯಾಡ್ರಿ" ಅಂದರು. ಮುಗಿದ ಕೈಯನ್ನೇ ಶೂಟ್ ಮಾಡಿಕೊಂಡೆವು. ಎದುರು ಮನೆಯಾತ ಹುಡುಗಿ ಫೋನಿನಲ್ಲಿ ಬಹಳ ಮಾತಾಡ್ತಾಳೆ ಅಂದ, ಅದನ್ನೂ ಕಳಿಸಿದೆವು. ಮುಖ ಮಬ್ಬು ಮಾಡಿದ್ದರು. ಆದರೆ ಮನೆ, ಬಾಗಿಲು, ಓಣಿ, ತಾಯಿ? ಊರಿಗೆ ಊರೇ ಗುರುತು ಹಿಡಿಯಿತು. ರಾತ್ರಿ ಹನ್ನೊಂದರ ಕ್ರೈಂ ಕಾರ್ಯಕ್ರಮದಲ್ಲಿ ಹಿನ್ನೆಲೆ ಸಂಗೀತ ಹಾಕಿ ಓಡಿಸಿದರು. ಮೇಲಿನವನ ಹೆಸರು ಎಲ್ಲೂ ಬರಲಿಲ್ಲ. ಅದು ಆತನ ಖಾಸಗಿ ವಿಚಾರವಂತೆ.

ಆಗ ನಮಗೆ ಒಂದು ವಿಷಯ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕಿತ್ತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ಅದರ 16ನೇ ಕಲಂ ಪ್ರಕಾರ ದೂರು ಕೊಟ್ಟವಳ ಗುರುತು, ವಿಳಾಸ, ದೂರಿನ ವಿವರ ಯಾವುದನ್ನೂ ಪ್ರಕಟಿಸುವಂತಿಲ್ಲ. ಈ ಕಾನೂನಿನ ಬೇರು ಇರುವುದೂ ಪಟ್ಟಣದಲ್ಲಲ್ಲ. 1992ರಲ್ಲಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಭಂವರಿ ದೇವಿ ಎಂಬ ಸರ್ಕಾರಿ ಕಾರ್ಯಕರ್ತೆಯ ಮೇಲೆ ಅತ್ಯಾಚಾರವಾಯಿತು. ಆ ಪ್ರಕರಣದಿಂದಲೇ 1997ರ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಆಮೇಲೆ ಕಾನೂನು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ, ಮನೆಗೆಲಸವಾದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ ಜಿಲ್ಲೆಗೊಂದು ಸ್ಥಳೀಯ ಸಮಿತಿ. ಈ ಕೊನೆಯದನ್ನು ಇನ್ನೊಮ್ಮೆ ಓದಿ. ಲೆಟರ್‌ಮನ್ ಕಂಪನಿಯ ಹೇಳಿಕೆಯಲ್ಲಿ ಇಲ್ಲದೇ ಹೋದದ್ದು ಇದೇ. ಮಾಲೀಕನ ಮೇಲಿನ ದೂರು ಮಾಲೀಕನ ಪೆಟ್ಟಿಗೆಗೆ ಬೀಳಬಾರದು. ದೂರು ಕೊಡಲು 3 ತಿಂಗಳು, ಕಾರಣವಿದ್ದರೆ ಇನ್ನೂ 3 ತಿಂಗಳು.

ನಮ್ಮ ಜಿಲ್ಲೆಯ ಸ್ಥಳೀಯ ಸಮಿತಿ ಯಾವ ಕೋಣೆಯಲ್ಲಿ ಕೂರುತ್ತದೆ ಎಂದು ನಾವು ಹುಡುಕಿದ್ದೇ ಆ ವಿಡಿಯೋ ಪ್ರಸಾರವಾಗಿ ಎಷ್ಟೋ ತಿಂಗಳ ಮೇಲೆ. ಅಷ್ಟೊತ್ತಿಗೆ ಹುಡುಗಿ ಕೆಲಸ ಬಿಟ್ಟಿದ್ದಳು. ಮೇಲಿನವನು ಬಿಟ್ಟಿರಲಿಲ್ಲ.

ಚಹಾದಂಗಡಿಯ ಹುಡುಗನಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ. ಆತ ಅಮೆರಿಕದ ದೊಡ್ಡ ಆ್ಯಂಕರ್ ತಮ್ಮಾ ಅಂದೆವು ಅಷ್ಟೆ. ಅವನು ವಿಡಿಯೋ ಇನ್ನೊಮ್ಮೆ ಹಾಕಿದ. ಚಪ್ಪಾಳೆ ಬಿತ್ತು. ಅದು ಮುಗಿದ ಮೇಲೆ ತಾನಾಗಿಯೇ ಮುಂದಿನ ವಿಡಿಯೋ ಶುರುವಾಯಿತು, ಯಾವುದೋ ಚಾನೆಲ್ಲಿನ ಕ್ರೈಂ ಕಾರ್ಯಕ್ರಮ, ಯಾರದೋ ಮನೆಯ ಬಾಗಿಲು.

ನಮ್ಮದೂ ಇನ್ನೂ ಇದೆ. ಆ ಚಾನೆಲ್‌ನ ಯೂಟ್ಯೂಬ್ ಪುಟದಿಂದ ಅದನ್ನು ತೆಗೆಯಿರಿ ಎಂದು ಮೂರು ಸಲ ಮೇಲ್ ಹಾಕಿದ್ದೇವೆ, ಒಂದಕ್ಕೂ ಉತ್ತರ ಬಂದಿಲ್ಲ. ನಾಲ್ಕನೆಯದನ್ನು ಈ ಬರಹದ ಜೊತೆಗೇ ಕಳಿಸುತ್ತಿದ್ದೇವೆ, 16ನೇ ಕಲಂ ಬರೆದು.